ನಲವತ್ತೊಂದನೆಯ ಲೋಟ

ಬಿರಡೆ ಅರ್ಧಕ್ಕೇ ಮುರಿಯಿತು, ಉಳಿದರ್ಧ ಬಾಟಲಿಯ ಕತ್ತಿನಲ್ಲೇ ಕೂತಿದೆ, ಅಣ್ಣ ಎರ್ಹಾರ್ಡ್ ಕನ್ನಡಕವನ್ನು ಹಣೆಗೇರಿಸಿಕೊಂಡು ಚಾಕುವಿನ ತುದಿಯಲ್ಲಿ ಕೆದಕುತ್ತಿದ್ದಾನೆ, ಮೆಲ್ಲಗೆ ಕಣೋ ಮುದುಕ, ಇರೋದೊಂದೇ ಬಾಟ್ಲಿ, ಅನ್ನುತ್ತಾಳೆ ಅತ್ತಿಗೆ ವಾಲ್ಮೇ, ಅವನೋ, ನೀನು ಸುಮ್ನಿರೇ, ಉಪ್ಪಿನಕಾಯಿ ಜಾಡಿ ಮುಚ್ಚಳ ಬಿಚ್ಚೋಕೆ ಯಾರನ್ನ ಕರೀತೀಯ ಅಂತ ಗೊತ್ತಿದೆ, ಅನ್ನುತ್ತಾನೆ, ಇಬ್ಬರೂ ನಗುತ್ತಾರೆ, ಮೇಜಿನ ಮೇಲೆ ಹೊಗೆಯಾಡಿಸಿದ ಸಾಸೇಜು, ರೈ ರೊಟ್ಟಿ, ದ್ರಾಕ್ಷಿರಸದಲ್ಲಿ ಬೇಯಿಸಿದ ಸಾಬಕ್ಕಿ, ಚರ್ಚಿಗೆ ಹಾಕಿಕೊಂಡ ಬಟ್ಟೆಯನ್ನು ಇನ್ನೂ ಯಾರೂ ಬದಲಿಸಿಲ್ಲ, ಕಿಟಕಿಯ ಬಿಸಿಲು ನೇರ ನನ್ನ ಲೋಟಕ್ಕೇ ಬೀಳುತ್ತಿದೆ — ಬಂತು, ಬಿರಡೆ ಬಂತು, ಸುರಿಯುತ್ತಿದ್ದಾನೆ, ತಳದ ಗಷ್ಟು ಕದಡದ ಹಾಗೆ, ಎಂಬತ್ತನಾಲ್ಕನೇ ಇಸವಿಯ ಶಿರಾಜ್ ದ್ರಾಕ್ಷಿಯದು, ಅವನು ಸ್ವಂತ ಕೈಯಾರೆ ಮಾಡಿದ ಒಂದೇ ಒಂದು ವೈನ್, ಆಮೇಲೆ ಅವನು ಮಾಡಲಿಲ್ಲ, ಮಾಡಲಿಲ್ಲ ಅಂದರೆ ನಾನು ಮಾಡಗೊಡಲಿಲ್ಲ, ಅದು ಅವನಿಗೆ ಗೊತ್ತಿಲ್ಲ. ಕುಡಿದು ಅಂಕ ಹೇಳೇ ಲಿಯೋನಿ, ದೊಡ್ಡ ಜಡ್ಜಮ್ಮ ನೀನು, ಅನ್ನುತ್ತಾನೆ.

ಮೂಗಿಗೆ ಹಿಡಿಯುತ್ತೇನೆ, ಅಯ್ಯೋ, ಅದೇ, ಎಲ್ಲಕ್ಕಿಂತ ಮೊದಲು ಒಣಗಿದ ನೀಲಗಿರಿ ಎಲೆ, ಆಮೇಲೆ ಹಿಪ್ಪುನೇರಳೆ, ಕರಿಮೆಣಸು, ಹಳೇ ಚರ್ಮ, ಆದರೆ ಮೊದಲು ಆ ಎಲೆ, ಮುತ್ತಜ್ಜ ನೆಟ್ಟ ಬಳ್ಳಿಗಳ ಅಂಚಿನಲ್ಲಿ ನಿಂತಿದ್ದ ಆ ದೊಡ್ಡ ಮರದ್ದು, ಇಡೀ ಬರೋಸಾ ಕಣಿವೆಯಲ್ಲಿ ಬೇರೆ ಯಾರ ವೈನಿಗೂ ಆ ವಾಸನೆ ಇಷ್ಟು ಹತ್ತುತ್ತಿರಲಿಲ್ಲ, ಇಪ್ಪತ್ತೈದು ವರ್ಷದ ಕೆಳಗೆ ವೈನ್ ಪ್ರದರ್ಶನದ ಹಾಲ್‌ನಲ್ಲಿ ತೀರ್ಪುಗಾರರ ಬಿಳಿ ಕೋಟು ತೊಟ್ಟು ನಿಂತಾಗಲೂ ಇದೇ ವಾಸನೆ, ಸಾಲಾಗಿ ಅರವತ್ತು ಲೋಟ, ಹೆಸರಿಲ್ಲ, ಬರೀ ಸಂಖ್ಯೆ, ನಲವತ್ತೊಂದನೆಯದನ್ನು ಎತ್ತಿದೆ, ಅಣ್ಣನದು, ಅಂದಿತು ಮೂಗು. ಒಂದು ಮಾತು ಸಾಕಿತ್ತು, ಇದು ನಮ್ಮನೇದು, ಇದಕ್ಕೆ ನಾನು ಅಂಕ ಹಾಕಲ್ಲ, ಅಂತ ಕೈ ಎತ್ತಿ ಹೇಳಿದ್ದರೆ ಮುಗಿದೇ ಹೋಗುತ್ತಿತ್ತು, ಬಾಯಿ ಬರಲಿಲ್ಲ, ಆ ಮೇಜಿಗೆ ಬಂದ ಮೊದಲ ಹೆಂಗಸು ನಾನು, ವಾಸನೆಯಲ್ಲೇ ಮನೆಯ ವೈನ್ ಗುರುತು ಹಿಡಿದಳಂತೆ, ಅಂತ ನಕ್ಕಾರು ಅಂದುಕೊಂಡೆ, ಸುಮ್ಮನಿದ್ದು ಪದಕ ಕೊಟ್ಟರೆ ತಂಗಿ ಅಣ್ಣನಿಗೆ ಕೊಟ್ಟಳು ಅಂದಾರು, ಬಾಯಿಗೆ ಹಾಕಿಕೊಂಡೆ, ಒಗರು ದವಡೆ ಹಿಡಿಯಿತು, ಆದರೆ ಒಗರಿನ ಹಿಂದೆ ಎಲ್ಲವೂ ಇತ್ತು, ಮೂವತ್ತು ವರ್ಷ ನಿಲ್ಲುವ ಕಸುವು, ನಾಲಿಗೆಗೆ ಗೊತ್ತಾಯಿತು, ಪೆನ್ಸಿಲಿನಲ್ಲಿ ಇಪ್ಪತ್ತಕ್ಕೆ ಹದಿನೇಳು ಬರೆದೆ, ಬೆಳ್ಳಿ ಪದಕದ ಅಂಕ, ತೀರ್ಪುಗಾರರು ನುಂಗುವಂತಿಲ್ಲ, ಉಗಿದೆ, ಕಾಲ ಬಳಿಯ ತೊಟ್ಟಿಯಲ್ಲಿ ಮರದ ಹೊಟ್ಟು, ಹೊಸ ಹೊಟ್ಟು, ಬೆಳ್ಳಗಿತ್ತು, ಕಡುಕೆಂಪು ಅದರ ಮೇಲೆ ಬಿದ್ದು ಹರಡಿತು, ಅದನ್ನು ನೋಡುತ್ತಾ ನಿಂತೆ, ಆಮೇಲೆ ಹದಿನೇಳನ್ನು ಅಳಿಸಿ ಹದಿಮೂರೂವರೆ ಬರೆದೆ, ಒಗರು ಅತಿ, ಬಾಳಿಕೆ ಬಾರದು, ಅಂತ ಷರಾ ಬೇರೆ. ಉಳಿದಿಬ್ಬರು ತೀರ್ಪುಗಾರರು ಹದಿನಾರು ಹದಿನಾರು ಕೊಟ್ಟಿದ್ದರು, ಮೂರೂ ಕೂಡಿದಾಗ ಕಂಚಿಗೆ ಒಂದೇ ಒಂದು ಅಂಕ ಕಡಿಮೆ.

ಕಂಚು ಬಂದ್ರೂ ಸಾಕು, ಬಳ್ಳಿ ಇಟ್ಕೋತೀನಿ, ಇಲ್ದಿದ್ರೆ ಕಿತ್ತುಬಿಡ್ತೀನಿ, ಅಂದಿದ್ದ ಅಣ್ಣ, ಇದೇ ಮೇಜಿನಲ್ಲಿ, ಪ್ರದರ್ಶನಕ್ಕೆ ವಾರ ಮುಂಚೆ, ಕೆಂಪು ವೈನ್ ಯಾರಿಗೂ ಬೇಡವಾಗಿದ್ದ ಕಾಲ, ಕಿತ್ತವರಿಗೆ ಸರ್ಕಾರವೇ ದುಡ್ಡು ಕೊಡುತ್ತಿತ್ತು, ನೂರು ವರ್ಷ ದಾಟಿದ ಬಳ್ಳಿಗಳು, ತೊಡೆ ಗಾತ್ರದ ಬುಡ, ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದಾಗ ಮೊದಲು ಬರಲಿಲ್ಲ, ಆಮೇಲೆ ಬಂದವು, ಆ ಚಳಿಗಾಲವೆಲ್ಲ ಈ ಒಲೆಗೆ ಅವೇ ಸೌದೆ, ಒಳ್ಳೇ ಕಾವು ಕೊಡ್ತವೆ ಕಣೇ, ಅಂತ ವಾಲ್ಮೇ ಅದರಲ್ಲೇ ಕೇಕು ಬೇಯಿಸಿದಳು, ನಾನು ಎರಡು ತುಂಡು ತಿಂದೆ. ಈಗ ಅಲ್ಲಿ ಬಾರ್ಲಿ, ಬೇಲಿಯಾಚೆ ಕೀಳದೆ ಉಳಿಸಿಕೊಂಡವರ ಬಳ್ಳಿ ನೋಡಲು ಬಸ್ಸಿನಲ್ಲಿ ಜನ ಬರುತ್ತಾರೆ, ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಬೆಳಿಗ್ಗೆ ಚರ್ಚಿನಲ್ಲೂ ಪಾಪ ಒಪ್ಪಿಕೊಳ್ಳುವ ಸಾಲನ್ನು ಹೇಳಿದೆ, ಎಲ್ಲರ ಜೊತೆ ಸೇರಿ ಹೇಳುವುದು ಸುಲಭ.

ಕುಡಿಯೇ, ಮೂಸ್ತಾನೇ ಇರ್ತೀಯ, ಅನ್ನುತ್ತಾನೆ, ಕುಡಿಯುತ್ತೇನೆ, ಆ ಒಗರು ಎಲ್ಲಿ ಹೋಯಿತು, ರೇಷ್ಮೆಯಾಗಿದೆ, ಅತಿಮಧುರದ ಬೇರಿನ ಸಿಹಿ, ಮಣ್ಣು, ನುಂಗಿದ ಮೇಲೂ ಬಾಯಿ ಬಿಟ್ಟು ಹೋಗುತ್ತಿಲ್ಲ, ಇಂಥದ್ದನ್ನು ನಾನು ಇನ್ನೊಂದು ಕುಡಿದಿಲ್ಲ, ಹತ್ತೊಂಬತ್ತು, ಅನ್ನುತ್ತೇನೆ. ಅವನು ಮಗುವಿನ ಹಾಗೆ ನಗುತ್ತಾನೆ, ಕೇಳಿದ್ಯಾ ವಾಲ್ಮೇ, ಹತ್ತೊಂಬತ್ತಂತೆ, ಆಮೇಲೆ ನನ್ನ ಕಡೆ ತಿರುಗಿ, ಅವತ್ತು ಆ ಮೇಜಲ್ಲಿ ನೀನೂ ಇದ್ದೆ ಅಲ್ವಾ, ನಂದು ಅಂತ ನಿನಗೆ ಗೊತ್ತಾಗ್ಲಿಲ್ಲ, ಒಳ್ಳೇದೇ ಆಯ್ತು ಬಿಡು, ಗೊತ್ತಾಗಿದ್ರೆ ಕರುಳು ತಡೀದೆ ಪದಕ ಕೊಟ್ಬಿಡ್ತಿದ್ದೆ, ವೈನ್ ಗೊತ್ತಿರೋ ಮೂರು ಜನ ಕುಡಿದು ಸಾಲ್ದು ಅಂದ್ರು, ನಂಬಿದೆ, ನನ್ನ ಕೈಯಲ್ಲಾಗೋ ಕೆಲ್ಸ ಅಲ್ಲ ಇದು ಅಂದ್ಕೊಂಡೆ, ಅನ್ನುತ್ತಾನೆ, ಲೋಟವನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಾನೆ, ಅವತ್ತು ಇದು ಹೀಗಿರ್ಲಿಲ್ಲ ಅಲ್ವೇನೇ, ಇಟ್ಟಿಟ್ಟು ಹೀಗಾಯ್ತು, ಅಲ್ವಾ? ಈಗ ಹೇಳು ಲಿಯೋನಿ, ನನಗೆ ನಾನೇ ಅಂದುಕೊಳ್ಳುತ್ತೇನೆ, ಎಪ್ಪತ್ತಾಗಿದೆ ಅವನಿಗೆ, ಇನ್ನೊಂದು ಬಾಟಲಿ ಇಲ್ಲ, ಈಗ ಹೇಳದಿದ್ದರೆ ಇನ್ನು ಯಾವಾಗ, ವಾಲ್ಮೇ ಸಾಬಕ್ಕಿಗೆ ಕೆನೆ ಸುರಿಯುತ್ತಿದ್ದಾಳೆ, ಅವನು ಕಾಯುತ್ತಿದ್ದಾನೆ, ಬಾಯಿ ತೆರೆಯುತ್ತೇನೆ, ಇರ್ಲಿಲ್ಲ, ಅನ್ನುತ್ತೇನೆ, ಆಗ ಹೀಗಿರ್ಲಿಲ್ಲ ಕಣೋ, ಅವನು ತಲೆಯಾಡಿಸಿ ಸಮಾಧಾನದಿಂದ ಗುಟುಕರಿಸುತ್ತಾನೆ, ನನಗೆ ಕಾಣುವುದು ಅವನ ಮುಖವಲ್ಲ, ತೊಟ್ಟಿ, ಬೆಳ್ಳಗಿನ ಹೊಟ್ಟು, ಅದರ ಮೇಲೆ ಕಡುಕೆಂಪು, ಹರಡುತ್ತಿದೆ, ಇನ್ನೂ ಹರಡುತ್ತಿದೆ —