ಹಲಗೆಯಲ್ಲಿ ಉಳಿದ ಪುಡಿ

ಬೇಕರಿಯಮ್ಮನ ಕೈಯಲ್ಲಿ ಒಂದು ಚಿಟಿಕೆ ಹಿಟ್ಟೂ ದಂಡವಾಗುತ್ತಿರಲಿಲ್ಲ. ಕಡಲೆಬೀಜದ ಬಿಸ್ಕತ್ತು ಮುಗಿದ ಮೇಲೆ ಹಲಗೆಯಲ್ಲಿ ಉಳಿದ ಪುಡಿಯನ್ನು ಕೆರೆದು ಬನ್ನಿನ ಹಿಟ್ಟಿಗೆ ಸೇರಿಸುವುದು ಅವಳ ಹಳೇ ರೂಢಿ. ಆ ದಿನವೂ ಸೇರಿಸಿದಳು. "ನಂಗೆ ಕಡಲೆಬೀಜ ಆಗಲ್ಲ ಅತ್ತೆ, ಅಲರ್ಜಿ" ಎಂದು ಹೊಸ ಸೊಸೆ ಮನೆಗೆ ಬಂದಾಗಲೇ ಹೇಳಿದ್ದಳು. ಬೇಕರಿಯಮ್ಮ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಎಲ್ಲಾ ಮುದ್ದಿನ ಮಗಳ ನಖರಾ ಎಂದು ಗಿರಾಕಿಗಳ ಮುಂದೆ ಆಡಿಕೊಂಡು ನಕ್ಕಿದ್ದಳು.

ಸೊಸೆ ಬಿಸಿ ಬನ್ನು ಕೈಗೆತ್ತಿಕೊಂಡಳು. "ಅತ್ತೆ, ಇದ್ರಲ್ಲಿ ಬೀಜ ಇಲ್ಲ ತಾನೇ?"

"ಬನ್ನಿಗೆ ಯಾರಾದ್ರೂ ಬೀಜ ಹಾಕ್ತಾರಾ? ಸುಮ್ನೆ ತಿನ್ನು."

ಸ್ವಲ್ಪ ಹೊತ್ತಿಗೆ ಸೊಸೆಯ ಕತ್ತಿನ ತುಂಬ ದದ್ದು ಎದ್ದವು. ತುಟಿ ಊದಿತು, ದನಿ ಒಡೆಯಿತು. "ಒಲೆ ಶಾಖ ಕಣೆ. ನೀರು ಕುಡಿದು ಮಲಕ್ಕೋ" ಎಂದಳು ಬೇಕರಿಯಮ್ಮ. ಆದರೆ ಹಿಟ್ಟಿಗೆ ಸೇರಿಸಿದ ಪುಡಿ ಅವಳಿಗೆ ನೆನಪಾಗಿತ್ತು.

ಬ್ರೆಡ್ಡಿಗೆಂದು ಬಂದ ಪಕ್ಕದ ಮನೆ ನರ್ಸಮ್ಮ ಸೊಸೆಯನ್ನು ನೋಡಿ ಚೀಲ ಕೆಳಗಿಟ್ಟಳು. "ಬರೀ ಒಂದೆರಡು ದದ್ದಾಗಿದ್ರೆ ನಿಧಾನಕ್ಕೆ ಡಾಕ್ಟರಿಗೆ ತೋರಿಸ್ಬಹುದಿತ್ತು ಅಕ್ಕ. ತುಟಿ ಊದಿದೆ, ಉಸಿರು ಎಳೀತಿದ್ದಾಳೆ. ಇದು ಕಾಯೋ ವಿಷ್ಯ ಅಲ್ಲ. ಅವಳನ್ನ ನಡೆಸಬೇಡಿ." ಆಂಬುಲೆನ್ಸಿಗೆ ಫೋನ್ ಮಾಡಿ ಕೇಳಿದಳು, "ಏನು ತಿಂದ್ಲು?"

ಬೇಕರಿಯಮ್ಮನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಯಾರ ಮುಂದೆ ನಕ್ಕಿದ್ದಳೋ ಅದೇ ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದರು. ಬರೀ ಬನ್ನು ಅಂದುಬಿಟ್ಟರೆ ಮಾನ ಉಳಿಯುತ್ತಿತ್ತು. ಸೊಸೆ ಉಸಿರಿಗೆ ಒದ್ದಾಡುತ್ತಿದ್ದಳು.

"ಕಡಲೆಬೀಜದ ಪುಡಿ" ಎಂದಳು ನೆಲ ನೋಡುತ್ತಾ. "ನಾನೇ ಸೇರಿಸ್ದೆ. ಅವಳು ಕೇಳಿದ್ಲು, ಇಲ್ಲ ಅಂದೆ."

ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರಾಟ ಸರಾಗವಾಯಿತು. ಮತ್ತೆ ಮರುಕಳಿಸಬಹುದೆಂದು ಡಾಕ್ಟರು ಅವಳನ್ನು ಅಲ್ಲೇ ಉಳಿಸಿಕೊಂಡರು.

"ಒಂದು ಚಿಟಿಕೆ ಪುಡಿಗೆ ಇಷ್ಟೆಲ್ಲಾ ಆಗುತ್ತಾ ಡಾಕ್ಟ್ರೇ?" ಎಂದು ಬೇಕರಿಯಮ್ಮ ಕೇಳಿದಳು.

"ಕೆಲವರಿಗೆ ಅಷ್ಟೂ ಬೇಡಮ್ಮ."

ಸೊಸೆ ಕಣ್ಣು ಬಿಟ್ಟಾಗ ಬೇಕರಿಯಮ್ಮ ಮಂಚದ ಪಕ್ಕದಲ್ಲೇ ಕೂತಿದ್ದಳು. ಸೊಸೆ ಹೇಳಿದಳು, "ಇನ್ಮೇಲೆ ನಾನು ಕೇಳಿದ್ರೆ ನಗಬೇಡಿ ಅತ್ತೆ. ಅಷ್ಟು ಸಾಕು."

ಈಗ ಆ ಬೇಕರಿಯಲ್ಲಿ ಬೀಜಕ್ಕೆ ಬೇರೆ ಹಲಗೆ, ಬೇರೆ ಚಾಕು. ಉಳಿದ ಪುಡಿ ಕಸದ ಬುಟ್ಟಿಗೆ. ಯಾರಾದರೂ ಇದರಲ್ಲಿ ಏನಿದೆ ಎಂದು ಕೇಳಿದರೆ ಬೇಕರಿಯಮ್ಮನ ಮುಖ ಇವತ್ತಿಗೂ ಕೆಂಪಾಗುತ್ತದೆ. ಆದರೂ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾಳೆ.

ನಿಮ್ಮ ಮನೆಯಲ್ಲೂ ಯಾರಾದರೂ "ಇದು ನನಗೆ ಆಗಲ್ಲ" ಎಂದರೆ ನಂಬಿ. ಏನಾದರೂ ತಿಂದ ಮೇಲೆ, ಮಾತ್ರೆ ನುಂಗಿದ ಮೇಲೆ, ಜೇನುಹುಳ ಕಚ್ಚಿದ ಮೇಲೆ ತುಟಿ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ಕೂಡಲೇ ಆಂಬುಲೆನ್ಸ್ ಕರೆಸಿ. ಏನು ತಿಂದದ್ದು ಎಂಬುದನ್ನು ಮುಚ್ಚಿಡದೆ ಹೇಳಿ. ನಾಚಿಕೆಪಡುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿರುತ್ತದೆ.