ಐದು ಜನ, ಆರು ಉಸಿರು

ಗಲ್ಲದ ಕೆಳಗಿನಿಂದ ತಂದ ಬಟ್ಟೆಯ ಪಟ್ಟಿಯನ್ನು ಅವಳು ನೆತ್ತಿಯ ಮೇಲೆ ಗಂಟು ಹಾಕುವಷ್ಟರಲ್ಲಿ ಅದು ಮತ್ತೆ ಜಾರಿತು. ಸತ್ತ ಗಂಡನ ಬಾಯಿ ಮತ್ತೆ ತೆರೆದುಕೊಂಡಿತು.

“ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟಮ್ಮ,” ಎಂದಳು ಮಗಳು.

“ಇದ್ದಾಗ ಬಿಡಿಸೋಕಾಗದ ಬಾಯಿ. ಈಗ ಮುಚ್ಚೋಕಾಗ್ತಿಲ್ಲ ನೋಡು.”

ಮಗಳು ಅಳುತ್ತಲೇ ಒಂದು ಕ್ಷಣ ತಾಯಿಯ ಮುಖ ನೋಡಿದಳು. ತಮಾಷೆಯೋ ಸಿಟ್ಟೋ ಅವಳಿಗೆ ತಿಳಿಯಲಿಲ್ಲ.

ಸತ್ತವನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದಲ್ಲಿದ್ದು ನಿವೃತ್ತನಾದವನು. ಮನೆಯಲ್ಲಿ ಅವನ ಮಾತು ಬೆರಳೆಣಿಕೆಯದು. ‘ಬಡಿಸು’, ‘ಬಾಗಿಲು ಹಾಕ್ಕೋ’, ಉಳಿದದ್ದಕ್ಕೆಲ್ಲ ‘ಹೂಂ’. ‘ನಮ್ಮನೆಯವರದ್ದು ಮಾತು ಕಮ್ಮಿ’ ಎಂದು ಅವಳು ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದಳು. ಮೊದಮೊದಲು ಸಮಜಾಯಿಷಿಯಂತಿದ್ದ ಆ ಮಾತು ಬರಬರುತ್ತ ಹೆಮ್ಮೆಯಂತೆಯೇ ಆಗಿತ್ತು. ಅಂಥವನನ್ನು ಕಳಿಸಿಕೊಡಲು ಯಾರು ಬಂದಾರು ಎಂದು ಪಕ್ಕದ ಮನೆಯಿಂದ ನಾಲ್ಕೇ ಕುರ್ಚಿ ತರಿಸಿದ್ದಳು.

ಬೆಳಗಾಗುತ್ತಿದ್ದಂತೆ ಅಂಗಳ ತುಂಬಿತು. ಕ್ಷೌರದಂಗಡಿಯವನು ಅಂಗಡಿಗೆ ಬೀಗ ಹಾಕಿ ಬಂದಿದ್ದ. ಬೇಕರಿಯ ಹೆಂಗಸು ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಓಡಿಬಂದಿದ್ದಳು. ಮುಖವೇ ಗೊತ್ತಿಲ್ಲದ ಹತ್ತಾರು ಜನ ಕಾಂಪೌಂಡಿಗೆ ಒರಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

“ಮೀಟರಣ್ಣ ಬಂದ್ರೆ ಒಲೆ ಮೇಲಿಟ್ಟಿದ್ದು ಸೀದು ಹೋಗ್ತಿತ್ತಕ್ಕ,” ಎಂದಳು ಬೇಕರಿಯವಳು. “ಅಂಥಾ ಮಾತು ಅವರದ್ದು! ಆ ಸಿನಿಮಾ ಕತೆ ಶುರು ಮಾಡಿದ್ರೆ ಮುಗೀತು.”

“ಯಾವ ಸಿನಿಮಾ?”

“ಅದೇ ಅಕ್ಕ, ನೆಲಮಾಳಿಗೆದು. ಐದು ಜನ, ಆರು ಉಸಿರು!” ಕ್ಷೌರದವನು ಹತ್ತಿರ ಸರಿದ. “ಐದು ಜನ ಒಳಗೆ ಸಿಕ್ಕಿಹಾಕ್ಕೊಂಡಿರ್ತಾರೆ, ದೀಪ ಆರುತ್ತೆ, ಕತ್ತಲಲ್ಲಿ ಆರು ಉಸಿರು ಕೇಳುತ್ತೆ. ಅಣ್ಣ ಹೇಳ್ತಿದ್ರು, ‘ದೆವ್ವಾನ ಒಂದ್ಸಲನಾದ್ರೂ ತೋರಿಸಿದನೇನೋ ಆ ಡೈರೆಕ್ಟರು? ಇಲ್ಲ! ಹಾಡಿಲ್ಲ, ವಾದ್ಯ ಇಲ್ಲ, ಕ್ಯಾಮೆರಾ ಆ ಕೋಣೆ ಬಿಟ್ಟು ಆಚೆ ಬರಲ್ಲ. ನಾವೇ ಒಳಗೆ ಸಿಕ್ಕಿಬಿದ್ದಿರ್ತೀವಿ. ಭಯ ಅಂದ್ರೆ ಕಾಣೋದಲ್ಲ ಕಣೋ, ಪಕ್ಕದಲ್ಲಿ ಕೂತಿರೋದು ಯಾರು ಅಂತ ಗೊತ್ತಾಗದೇ ಇರೋದು.’ ನಿಮಗೇನು ಹೊಸದಾ ಬಿಡಿ. ನೀವು ನೂರು ಸಲ ಕೇಳಿರ್ತೀರಿ.”

“ಹೂಂ,” ಎಂದಳು ಅವಳು.

*

ಮದುವೆಯಾದ ಹೊಸದರಲ್ಲಿ ಅವನೇ ಆ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಒಗ್ಗರಣೆಯ ವಾಸನೆ ಹೋಗಲೆಂದು ಅವಳು ಎರಡೆರಡು ಸಲ ಕೈ ತೊಳೆದುಕೊಂಡು ಹೊರಟಿದ್ದಳು. ಪರದೆಯ ಮೇಲೆ ದೀಪ ಆರಿತು. ಥಿಯೇಟರಿನ ತುಂಬ ಬರೀ ಉಸಿರಾಟದ ಸದ್ದು. ಅವಳು ಗಂಡನ ತೋಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

“ನನಗೆ ಉಸಿರು ಕಟ್ತಿದೆ. ಆಚೆ ಹೋಗೋಣ ಬನ್ನಿ.”

ಅವನು ಪರದೆಯಿಂದ ಕಣ್ಣು ಕೀಳದೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. “ನೀನು ಹೋಗಿ ಕೂತಿರು. ಮುಗಿಸಿ ಬರ್ತೀನಿ.”

ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಕಾದಳು. ಹೊರಬಂದವನ ಮುಖದಲ್ಲಿ ಅವಳು ಮದುವೆಯ ದಿನವೂ ಕಾಣದಿದ್ದ ಕಳೆಯಿತ್ತು. ಅದನ್ನು ನೋಡಿ ಅವಳಿಗೂ ಆಸೆಯಾಯಿತು.

“ಆಮೇಲೆ ಏನಾಯ್ತು? ನೆಲಮಾಳಿಗೇಲಿದ್ದ ಆ ಹುಡುಗಿ ಆಚೆ ಬಂದ್ಲಾ?”

“ಅರ್ಧಕ್ಕೆ ಎದ್ದುಹೋದೋರಿಗೆ ಅದೆಲ್ಲ ಯಾಕೆ?”

ಮಾರನೆಯ ದಿನವೂ ಕೇಳಿದಳು. ಮಗಳು ಹೊಟ್ಟೆಯಲ್ಲಿದ್ದಾಗ, ಅವನು ಖುಷಿಯಲ್ಲಿದ್ದಾನೆಂದು ತೋರಿದ ಒಂದು ಸಂಜೆ ಮತ್ತೆ ಕೇಳಿದಳು. ಅವನು ಪೇಪರಿನ ಹಾಳೆ ತಿರುವಿಹಾಕಿದ. ಆಮೇಲೆ ಕೇಳುವುದನ್ನು ಬಿಟ್ಟಳು. ಆ ಸಿನಿಮಾ ಊರಿಗೆ ಬಂದಾಗಲೆಲ್ಲ ಅವನು ಶರ್ಟಿಗೆ ಇಸ್ತ್ರಿ ಮಾಡಿಸಿಕೊಂಡು ಒಬ್ಬನೇ ಹೋಗಿಬರುತ್ತಿದ್ದ. ಇವನ ಸ್ವಭಾವವೇ ಹೀಗೆ, ಎಂದು ಅವಳು ಇದ್ದುಬಿಟ್ಟಳು. ಸ್ವಭಾವ ಎಂದರೆ ಯಾರೇನು ಮಾಡಲಾದೀತು?

*

ಸ್ವಭಾವವಾಗಿರಲಿಲ್ಲ. ಬೇಕರಿಯವಳಿಗೆ ಹೇಳಿದ್ದ. ಇಸ್ತ್ರಿಯವನಿಗೆ ಹೇಳಿದ್ದ. ಮೀಟರಿನ ಮುಚ್ಚಳ ತೆಗೆಯುತ್ತ ಬೀದಿ ಬೀದಿಯಲ್ಲಿ ಹೇಳಿದ್ದ.

“ಅಣ್ಣ ಹೇಳ್ತಿದ್ದ ಹಾಗೇ ಒಂದ್ಸಲ ಹೇಳಯ್ಯ,” ಎಂದು ಯಾರೋ ಅಂಗಳದಲ್ಲಿ ಕ್ಷೌರದವನಿಗೆ ಅಂದರು. “ಒಳಗೆ ಮಲಗಿರೋ ಅವರಿಗೂ ಕೇಳಿಸ್ಲಿ.”

ಅವನು ಮೊದಲು ಸಂಕೋಚಪಟ್ಟ. ಆಮೇಲೆ ದನಿ ತಗ್ಗಿಸಿದ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ, ಕಿಟಕಿಯ ಹಲಗೆಯ ಮೇಲೆ ಉಗುರಿನಿಂದ ಕೆರೆದ. ಕೂತಿದ್ದ ನಾಲ್ವರು ಕುರ್ಚಿ ಎಳೆದುಕೊಂಡರು, ಉಳಿದವರು ಹತ್ತಿರ ಸರಿದರು. ನಡುಮನೆಯಲ್ಲಿದ್ದ ಮಗಳೂ ಮೂಗು ಒರೆಸಿಕೊಂಡು ಎದ್ದು ಹೊಸ್ತಿಲಿಗೆ ಹೋದಳು.

“ಅಪ್ಪ ಹೀಗೆಲ್ಲ ಮಾತಾಡ್ತಿದ್ರಾ ಅಮ್ಮ?”

ಹೆಣದ ಪಕ್ಕ ಕೂತಿದ್ದ ಅವಳು ಜಾರಿದ ಪಟ್ಟಿಯನ್ನು ಮತ್ತೆ ಬಿಗಿದಳು.

ಶವದ ವ್ಯಾನು ಬಂದು ಹಾರ್ನ್ ಹೊಡೆಯಿತು. “ಶ್! ತಡಿಯಪ್ಪ,” ಎಂದು ನಾಲ್ಕೈದು ಜನ ಒಟ್ಟಿಗೆ ಗದರಿದರು. ಡ್ರೈವರು ಸ್ಟ್ರೆಚರ್ ತಂದು ಹೆಣದ ಪಕ್ಕ ಇಟ್ಟ. ಇಬ್ಬರು ನೆಂಟರು ಹೆಣವನ್ನು ಅವಸರವಸರವಾಗಿ ಅದಕ್ಕೆ ಸರಿಸಿ, ಕತೆ ತಪ್ಪೀತೆಂದು ಹೊರಗೆ ಓಡಿದರು. ಡ್ರೈವರೂ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತ.

“ಈಗ ಕೊನೇದು,” ಎಂದ ಕ್ಷೌರದವನು. “ಹುಡುಗಿ ಒಬ್ಬಳೇ ಉಳಿದಿದಾಳೆ. ಬಾಗಿಲ ಹತ್ತಿರ ಬರ್ತಾಳೆ...”

ಅವಳು ಎದ್ದು ಹೋಗಿ ನಡುಮನೆಯ ಬಾಗಿಲನ್ನು ಮುಂದಕ್ಕೆ ತಳ್ಳಿದಳು. ಮಾತು ಬರೀ ಗುಜುಗುಜು ಆಯಿತು. “ಈ ಸಲ ನೀವೂ ಅರ್ಧಕ್ಕೆ ಎದ್ದು ಬನ್ನಿ,” ಎಂದಳು ಗಂಡನಿಗೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಕಾಲ ಕಡೆ ಬಗ್ಗಿ, ಸ್ಟ್ರೆಚರಿನ ಎರಡೂ ಹಿಡಿಗಳನ್ನು ಹಿಡಿದು ಒಬ್ಬಳೇ ಎತ್ತಿದಳು. ಕಾಲುಗಳು ಮೇಲಕ್ಕೆದ್ದವು. ತಲೆಯ ಕಡೆ ನೆಲದಲ್ಲೇ ಇತ್ತು. ಕರಕರ ಸದ್ದು ಮಾಡುತ್ತ ಅವಳು ಅವನನ್ನು ಹಿತ್ತಲ ಬಾಗಿಲಿನ ಕಡೆಗೆ ಎಳೆಯತೊಡಗಿದಳು.