ಇನ್ವರ್ಟರ್ ಉಂಟು ಎಂದ ಉಮರಬ್ಬ

ಉಮರಬ್ಬನ ಮೇಲೆ ನನಗೊಂದು ಸಿಟ್ಟಿದೆ. ಅದು ಇನ್ನೂ ಆರಿಲ್ಲ. ಇಬ್ಬರೂ ಒಂದೇ ಕರಾವಳಿಯವರು. ನಮ್ಮ ಕಡೆ ಇನ್ವರ್ಟರ್ ಎಂದರೆ ಕರೆಂಟು ಹೋದಾಗ ಫ್ಯಾನು ತಿರುಗಿಸುವ ಬ್ಯಾಟರಿ ಪೆಟ್ಟಿಗೆ ಎಂದು ಮಕ್ಕಳಿಗೂ ಗೊತ್ತು. ಇಲ್ಲಿ ಮಸ್ಕತ್ತಿನಲ್ಲಿ, ಅಲ್ ಅಮೇರಾತಿನ ನನ್ನ ಮನೆಗೆ ಅವನಿಂದ ಸೋಲಾರ್ ಹಾಕಿಸುವಾಗ ನಾನು ಕೇಳಿಯೇ ಕೇಳಿದ್ದೆ: "ಇನ್ವರ್ಟರ್ ಉಂಟಲ್ಲ?"

"ಉಂಟು ಕೊಗ್ಗಣ್ಣ, ಒಟ್ಟಿಗೇ ಬರ್ತದೆ."

ಅವನು ಹೇಳಿದ್ದು ಬೇರೆ ಪೆಟ್ಟಿಗೆ. ಅದು ಬಿಸಿಲಿನ ಕರೆಂಟನ್ನು ಮನೆಗೆ ಒಗ್ಗುವಂತೆ ಮಾರ್ಪಡಿಸುತ್ತದೆ. ಒಂದು ಕ್ಷಣಕ್ಕಾಗುವಷ್ಟನ್ನೂ ಕೂಡಿಡುವುದಿಲ್ಲ.

ಬಿಸಿಲನ್ನು ಮಾರಿ ಬದುಕುವ ಈ ಮನುಷ್ಯನಿಗೆ ಬಿಸಿಲೆಂದರೆ ಆಗದು. ವಾದಿ ಕಬೀರಿನಲ್ಲಿ ನನ್ನ ಗ್ಯಾರೇಜಿನ ಎದುರಿಗೇ ಅವನ ಅಂಗಡಿ; ನೇರವಾಗಿ ರಸ್ತೆ ದಾಟುವುದನ್ನು ಬಿಟ್ಟು, ಗೋಡೆಗಳ ನೆರಳು ಹಿಡಿದು, ಬೆಕ್ಕಿನಂತೆ ಮೈ ಒತ್ತಿಕೊಂಡು, ಇಡೀ ಬೀದಿ ಸುತ್ತಿ ಚಹಾಕ್ಕೆ ಬರುತ್ತಿದ್ದ. ಬಣ್ಣ ಮಾಸಿದ ಕಂದು ಕೋಟು, ಕಾಲರಿನ ಹಿಂದೆ ಸಿಕ್ಕಿಸಿದ ಒದ್ದೆ ಕರ್ಚೀಫು, ಬಾಯಲ್ಲಿ ಸದಾ ಒಂದೇ ಮಾತು: "ಲೆಕ್ಕಕ್ಕೆ ಬರ್ತದಾ?"

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ದೊಡ್ಡ ಆಫೀಸರೊಬ್ಬರು ಬ್ಯಾಟರಿ ಬೇಕೇಬೇಕೆಂದು ಬಂದಾಗ ಅವನು ಕೈಮುಗಿದು ಹೇಳಿದ್ದು ನನಗೆ ನೆನಪಿದೆ: "ಸಾರ್, ಹಗಲು ಮಿಕ್ಕಿದ್ದನ್ನು ಸರಕಾರದ ಲೈನಿಗೆ ಕೊಡಿ, ರಾತ್ರಿ ಲೈನಿನಿಂದ ತೆಗೊಳ್ಳಿ. ಇಲ್ಲಿಯ ಕರೆಂಟ್ ರೇಶನ್ ಅಕ್ಕಿಯ ಹಾಗೆ ಅಗ್ಗ. ಅದನ್ನು ತುಂಬಿಸಿಡಲಿಕ್ಕೆ ಬೆಳ್ಳಿ ಡಬ್ಬಿ ಯಾಕೆ? ಅದರ ದುಡ್ಡು ಹುಟ್ಟುವ ಮೊದಲೇ ಈ ಸೆಕೆಗೆ ಅದು ಖಲಾಸ್." ಆಫೀಸರು ಹೊರಟುಹೋದರು. ಊಟದ ಬುತ್ತಿ ತಂದಿದ್ದ ಅವನ ಹೆಂಡತಿ ನಫೀಸಾ, "ಬಂದ ಗಿರಾಕಿಯನ್ನು ಓಡಿಸಲಿಕ್ಕೆ ಬಾಗಿಲು ಯಾಕೆ ತೆಗೆಯುವುದು? ಮನೆಯಲ್ಲೇ ಮಲಗಬಹುದಲ್ಲ!" ಎಂದಳು. ತೋರಿಕೆಗೆಂದು ತರಿಸಿದ ಒಂದೇ ಒಂದು ಬ್ಯಾಟರಿ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು.

ನನ್ನ ಹೆಂಡತಿ ವಿನೋದಾಳ ಶ್ವಾಸಕೋಶ ಕೆಟ್ಟಿದೆ; ಆಮ್ಲಜನಕದ ಯಂತ್ರವಿಲ್ಲದೆ ಅವಳಿಗೆ ಉಸಿರಿಲ್ಲ. ಅದಕ್ಕೆಂದೇ ನಾನು ಇನ್ವರ್ಟರ್ ಕೇಳಿದ್ದು; ಅದು ಉಂಟೆಂದೇ ನಂಬಿ, ಅವನ ಬ್ಯಾಟರಿಯ ಮಾತು ನನಗಲ್ಲವೆಂದುಕೊಂಡಿದ್ದೆ. ಕಳೆದ ಜೂನಿನ ಒಂದು ಮಧ್ಯಾಹ್ನ, ಎಂದೂ ಹೋಗದ ಕರೆಂಟು ನಮ್ಮ ಬೀದಿಯಲ್ಲಿ ಹೋಯಿತು. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದಾನೆ, ತಾರಸಿಯ ತುಂಬ ಉಮರಬ್ಬನ ಫಲಕಗಳಿವೆ, ಯಂತ್ರ ಮಾತ್ರ ಸತ್ತು ಕೂತಿದೆ! ಇದ್ದ ಸಣ್ಣ ಸಿಲಿಂಡರನ್ನು ಅವಳ ಮೂಗಿಗೆ ಹಚ್ಚಿ, ಅವನಿಗೆ ಫೋನು ಮಾಡಿ, ಬಾಯಿಗೆ ಬಂದದ್ದನ್ನೆಲ್ಲ ಬೈದೆ.

"ಲೈನ್ ಸತ್ತರೆ ಆ ಪೆಟ್ಟಿಗೆ ತಾನೂ ನಿಲ್ತದೆ ಕೊಗ್ಗಣ್ಣ. ಇಲ್ಲದಿದ್ದರೆ ನಿಮ್ಮ ಕರೆಂಟು ಲೈನಿಗೆ ಹೋಗಿ, ರಿಪೇರಿಗೆ ಕಂಬ ಹತ್ತಿದವನಿಗೆ ಶಾಕ್..."

"ಕಂಬ ಹತ್ತಿದವನು ಸಾಯಲಿ ಮಾರಾಯ! ಇಲ್ಲಿ ವಿನೋದಾ ಸಾಯ್ತಾಳೆ!"

ಫೋನು ಕಟ್ಟಾಯಿತು. ಸಿಲಿಂಡರಿನ ಮುಳ್ಳು ಕೆಂಪಿಗಿಳಿಯುವ ಹೊತ್ತಿಗೆ ಪಿಕಪ್ ಬಂದು ನಿಂತಿತು. ನೆರಳು ಹುಡುಕದೆ, ಕೋಟಿಲ್ಲದೆ, ಅಂಗಡಿಯ ಆ ಬ್ಯಾಟರಿಯ ಒಂದು ತುದಿ ಹಿಡಿದು ಅವನು ಉರಿಬಿಸಿಲಿನಲ್ಲಿ ಏದುತ್ತಿದ್ದ. ಇನ್ನೊಂದು ತುದಿ ನಾನು ಹಿಡಿದೆ. ಅದಕ್ಕೆ ನೇರ ಪ್ಲಗ್ ಚುಚ್ಚಬಹುದಿತ್ತು. ಯಂತ್ರ ಗೊರಗುಟ್ಟಿತು. ವಿನೋದಾಳ ತುಟಿಯ ನೀಲಿ ಮೆಲ್ಲನೆ ಇಳಿಯುವುದನ್ನು ಇಬ್ಬರೂ ನೆಲದ ಮೇಲೆ ಕೂತು ನೋಡಿದೆವು.

"ಊರು ಬಿಟ್ಟು ಮೂವತ್ತು ವರ್ಷ ಆಯ್ತಲ್ಲ, ಊರಿನ ಇನ್ವರ್ಟರ್ ಮರೆತೇಹೋಗಿತ್ತು" ಎಂದ.

"ಉಸಿರಿಗೆ ಮರೆವು ಉಂಟಾ?" ಎಂದೆ.

ಮರುದಿನ ಬ್ಯಾಟರಿಯ ಬೆಲೆ ಕೇಳಿದೆ. ಅವನು ಒಪ್ಪಲಿಲ್ಲ. "ಇದು ಲೆಕ್ಕಕ್ಕೆ ಬರುವುದಿಲ್ಲ ಅಂತ ಇಡೀ ಮಸ್ಕತ್ತಿಗೆ ಹೇಳಿದವ ನಾನು. ಈಗ ನಿಮಗೆ ಮಾರಿದರೆ ನನ್ನ ಬಾಯಿ ಸುಳ್ಳಾಗ್ತದೆ. ಅಲ್ಲೇ ಇರಲಿ." ಜಗಳ ಮಾಡಿದೆ, ನೋಟುಗಳನ್ನು ಮೇಜಿನ ಮೇಲೆ ಎಸೆದೆ, ಸಂಜೆಗೆ ನಫೀಸಾಳ ಕೈಯಲ್ಲಿ ಹಿಂದೆ ಬಂದವು.

ಲೆಕ್ಕದ ಮನುಷ್ಯರನ್ನು ನಾವು ಜಿಪುಣರೆಂದು ಸುಲಭವಾಗಿ ಕರೆಯುತ್ತೇವೆ. ಆದರೆ ಲೆಕ್ಕದಲ್ಲಿ ನಿಷ್ಠೆಯುಳ್ಳವನಿಗೆ ಆ ಲೆಕ್ಕ ಎಲ್ಲಿ ಮುಗಿಯುತ್ತದೆಂಬುದೂ ತಿಳಿದಿರುತ್ತದೆ, ಒಮ್ಮೊಮ್ಮೆ ತಡವಾಗಿ. ಅದರಾಚೆ ಕೊಟ್ಟದ್ದಕ್ಕೆ ಅವನು ಬೆಲೆ ಕಟ್ಟಲಾರ. ಇಂಥವರ ಋಣ ತೀರಿಸಬೇಕಾದರೆ ಅವರ ಮಾತನ್ನೇ ಸುಳ್ಳು ಮಾಡಬೇಕು. ನಾನು ಮುಂಗೋಪಿ ನಿಜ, ಅಷ್ಟು ಕೆಟ್ಟವನಲ್ಲ. ಋಣ ಹಾಗೇ ಉಳಿದಿದೆ.